ಹೊಲಿದ ಪುಸ್ತಕ ಬಾಳುತ್ತದೆ



ಬೆಳಗಾವಿಯ ಬೈಂಡಿಂಗ್ ಅಂಗಡಿಗಳಿಗೆ ಅವುಗಳದೇ ಒಂದು ಪಂಚಾಂಗವಿತ್ತು. ಜೂನ್ ಬಂತೆಂದರೆ ಮಕ್ಕಳ ಪಠ್ಯಪುಸ್ತಕಗಳಿಗೆ ರಟ್ಟು ಹಾಕಿಸುವ ಗದ್ದಲ. ದೀಪಾವಳಿಗೆ ಮುಂಚೆ ಪೇಟೆಯ ವ್ಯಾಪಾರಿಗಳಿಗೆ ಕಿರ್ದಿ, ಖತಾವಣಿ ಬೇಕು. ಲಕ್ಷ್ಮೀಪೂಜೆಗೆ ಹೊಸ ಲೆಕ್ಕದ ಪುಸ್ತಕ ಗಾದಿಯ ಮೇಲೆ ಇರಲೇಬೇಕು. ಮಾರ್ಚ್ ಮುಗಿಯುವಾಗ ಕಚೇರಿಗಳ ರಜಿಸ್ಟರು, ನಡುವೆ ಬಿಡುವಾದಾಗ ವಾಚನಾಲಯಗಳ ಹರಿದ ಪುಸ್ತಕಗಳ ಗಂಟು. ಇಂದು ಕಿರ್ದಿ ಕಂಪ್ಯೂಟರಿನೊಳಗೆ ಹೋಗಿದೆ. ಪಠ್ಯಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ ಬಂದಿದೆ. ಅಂಗಡಿಗಳಿಗೆ ಉಳಿದದ್ದು ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಸ್ಪೈರಲ್, ಲ್ಯಾಮಿನೇಶನ್. ಹೊಲಿಗೆ ಬಲ್ಲ ಕೈಗಳಿಗೆ ಹೊಲಿಗೆಯ ಕೆಲಸವೇ ಸಿಗುತ್ತಿಲ್ಲ.

ಇನ್ನೊಂದು ಕಡೆ ನೋಡಿ. ನಮ್ಮ ಮಠಗಳಲ್ಲಿ, ಹಳೆಯ ವಾಚನಾಲಯಗಳಲ್ಲಿ, ಖಾನಾಪುರದ ಹಳ್ಳಿಮನೆಗಳ ಅಟ್ಟದ ಮೇಲೆ ಓಲೆಗರಿ, ಕೈಬರಹದ ಪ್ರತಿ, ಮೋಡಿ ಲಿಪಿಯ ದಸ್ತರು, ನೂರು ವರ್ಷ ದಾಟಿದ ಅಚ್ಚಿನ ಪುಸ್ತಕ ಇವೆಲ್ಲ ಕಸುಬು ಬಲ್ಲ ಕೈಗಳಿಗಾಗಿ ಕಾಯುತ್ತಿವೆ. ಕೆಲಸವಿಲ್ಲದ ಕೈ ಒಂದು ಕಡೆ, ಕೈ ಸಿಗದ ಕೆಲಸ ಇನ್ನೊಂದು ಕಡೆ. ಇವೆರಡನ್ನೂ ಕೂಡಿಸುವುದು ಹೇಗೆ ಎಂಬುದೇ ನನ್ನ ಇಂದಿನ ಮಾತು.

ನಾನು ಖಾನಾಪುರದ ಕಡೆಯವನು. ಬೆಳಗಾವಿ ಪೇಟೆಯೊಳಗಿನ ಒಂದು ಅಂಗಡಿಯಲ್ಲಿ ನೆಲದ ಮೇಲೆ ಕೂತು ಈ ಕಸುಬು ಕಲಿತವನು. ಅಲ್ಲಿ ಪಠ್ಯಕ್ರಮ ಇರಲಿಲ್ಲ, ಪರೀಕ್ಷೆ ಇರಲಿಲ್ಲ. ಉಸ್ತಾದರು ಮಾಡುವುದನ್ನು ನೋಡಬೇಕು, ಮಾಡಬೇಕು, ಬಿಚ್ಚಿಸಿಕೊಳ್ಳಬೇಕು, ಮತ್ತೆ ಮಾಡಬೇಕು. ಮೊದಲು ಕಸ ಗುಡಿಸುವುದು, ಆಮೇಲೆ ಹಾಳೆ ಮಡಚುವುದು. ಸೂಜಿ ಕೈಗೆ ಬರಲು ಬಹಳ ಕಾಲ ಬೇಕು.

ಹಾಳೆ ಮಡಚುವುದರಲ್ಲಿ ಕಲಿಯುವುದೇನಿದೆ ಎಂದು ಕೇಳಬಹುದು. ಬಹಳ ಇದೆ. ಉಸ್ತಾದರು ಹೇಳುತ್ತಿದ್ದ ಮಾತು ಇದು: "ಹಾಳಿ ಯಾ ಕಡೆ ಬಗ್ಗತೈತಿ ಅದನ್ನ ಮೊದಲ ನೋಡೋ ತಮ್ಮಾ, ಆಮ್ಯಾಲೆ ಕತ್ತರಿ ಹಿಡಿ." ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ಹಾಳೆ ಹಗುರಾಗಿ ಬಾಗುತ್ತದೆ. ಅಡ್ಡ ದಿಕ್ಕಿಗೆ ಹಟ ಹಿಡಿಯುತ್ತದೆ. ಅಂಟಿಗೆ ಬಳಸುವ ಗಂಜಿ ತಾಕಿ ಒದ್ದೆಯಾದಾಗ ನಾರು ಉದ್ದಕ್ಕೆ ಹಿಗ್ಗುವುದು ಅತಿ ಕಡಿಮೆ, ಅಡ್ಡಕ್ಕೆ ಹಿಗ್ಗುವುದೇ ಹೆಚ್ಚು. ಅದಕ್ಕೇ ಹಾಳೆಯ ನಾರೂ ರಟ್ಟಿನ ನಾರೂ ಪುಸ್ತಕದ ಬೆನ್ನಿಗೆ ಸಮನಾಗಿ, ಮೇಲಿನಿಂದ ಕೆಳಕ್ಕೆ ಇರಬೇಕು. ಅದು ತಪ್ಪಿದರೆ ಎಷ್ಟು ಚಂದದ ಕಟ್ಟಾದರೂ ನಾಲ್ಕು ದಿನಕ್ಕೆ ರಟ್ಟು ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ಹಳೆಯ ಪುಸ್ತಕಗಳನ್ನು ಉಳಿಸುವ ಪ್ರಯೋಗಾಲಯದ ಸಂರಕ್ಷಕರು ಇದನ್ನು ಪಾಠವಾಗಿ ಓದುತ್ತಾರೆ. ಅಂಗಡಿಯ ಹುಡುಗ ಹೆಬ್ಬೆರಳಿನಿಂದ ಕಲಿಯುತ್ತಾನೆ.

ಅಚ್ಚುಕೂಟದಿಂದ ಬಂದ ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ ಎಂಟು ಎಲೆ, ಹದಿನಾರು ಪುಟ. ಇದು ಒಂದು ಫಾರಂ. ಫಾರಂಗಳನ್ನು ಸರದಿಯಂತೆ ಜೋಡಿಸಿ, ಪ್ರತಿಯೊಂದರ ಮೊದಲ ಪುಟದ ಕೆಳಗಿರುವ ಗುರುತು ನೋಡಿ ತಾಳೆ ಹಾಕಬೇಕು. ಆಮೇಲೆ ಮಡಿಕೆಯ ಬೆನ್ನಿಗೆ ಗರಗಸದಿಂದ ಸಣ್ಣ ಗೀರು, ಅದರಲ್ಲಿ ಹುರಿ. ಮೇಣ ಸವರಿದ ದಾರ ಮಡಿಕೆಯ ನಡುವಿನಿಂದ ಹೊರಬಂದು, ಹುರಿಯನ್ನು ಸುತ್ತಿ, ಮತ್ತೆ ಒಳಹೋಗುತ್ತದೆ. ತುದಿಗೆ ಬಂದಾಗ ಕೆಳಗಿನ ಫಾರಂನ ದಾರದೊಳಗೆ ಸೂಜಿ ತೂರಿಸಿ ಗಂಟು. ಹೀಗೆ ಹೊಲಿದ ಪುಸ್ತಕ ಮೇಜಿನ ಮೇಲೆ ಅಂಗಾತ ತೆರೆದು ನಿಲ್ಲುತ್ತದೆ. ದಾರ ಬಿಗಿಯಾದರೆ ಮಡಿಕೆ ಹರಿಯುತ್ತದೆ, ಸಡಿಲವಾದರೆ ಬೆನ್ನು ಜೋಲುತ್ತದೆ. ಎಷ್ಟು ಎಳೆಯಬೇಕು ಎಂಬುದನ್ನು ಯಾವ ಪುಸ್ತಕದಲ್ಲೂ ಬರೆಯಲಾಗದು. ಬಲ್ಲವರ ಪಕ್ಕ ಕೂತು ಕಲಿಯಬೇಕಾದ ವಿದ್ಯೆ ಎಂದರೆ ಇದೇ.

ಇನ್ನು ಗಂಜಿ. ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತ ತಿಳಿಯಾಗುವ ತನಕ ಬೇಯಿಸಿ, ಹುಳು ಬಾರದಿರಲೆಂದು ಚಿಟಿಕೆ ಮೈಲುತುತ್ತ ಹಾಕುವುದು ಅಂಗಡಿಯ ಪದ್ಧತಿ. ಆಮೇಲೆ ಸುತ್ತಿಗೆಯಿಂದ ತಟ್ಟಿ ಬೆನ್ನನ್ನು ದುಂಡಗೆ ಮಾಡುವುದು, ಅದಕ್ಕೆ ಅರಿವೆಯ ಪಟ್ಟಿ, ರಟ್ಟು, ಕ್ಯಾಲಿಕೊ ಬಟ್ಟೆ ಅಥವಾ ಚರ್ಮ, ಕೊನೆಗೆ ಶಿಕಂಜದಲ್ಲಿ ಇಡೀ ರಾತ್ರಿ ಒತ್ತು. ಹಿತ್ತಾಳೆ ಅಕ್ಷರಗಳನ್ನು ಕಾಯಿಸಿ ಬೆನ್ನಿನ ಮೇಲೆ ಬಂಗಾರದ ಹೆಸರು ಒತ್ತುವುದು ಎಲ್ಲಕ್ಕಿಂತ ಕಡೆಯ ಪಾಠ.

ಈ ಕೈಕಸುಬಿನ ಜತೆಗೇ ನಮ್ಮ ನಾಡಿನ ಇನ್ನಷ್ಟು ಹಳೆಯ ಪುಸ್ತಕಗಳನ್ನು ನೆನೆಯಬೇಕು. ತಾಳೆಗರಿಯ ಕಟ್ಟಿನಲ್ಲಿ ಹೊಲಿಗೆಯೂ ಇಲ್ಲ, ಅಂಟೂ ಇಲ್ಲ. ಗರಿಗಳಿಗೆ ತೂತು, ತೂತಿನಲ್ಲಿ ದಾರ, ಮೇಲೊಂದು ಕೆಳಗೊಂದು ಕಟ್ಟಿಗೆಯ ಹಲಗೆ, ಸುತ್ತ ಬಟ್ಟೆ. ಕಡತಗಳ ಕಟ್ಟೂ ಸರಳವೇ: ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಹಿಂದುಮುಂದಾಗಿ ಮಡಚಿ, ಬಳಪದಿಂದ ಬರೆದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರ. ವ್ಯಾಪಾರಿಗಳ ಕಿರ್ದಿಯನ್ನು ನೋಡಿದರೆ, ಕೆಂಪು ಬಟ್ಟೆಯ ಮೆತ್ತನೆಯ ಹೊದಿಕೆ, ದಪ್ಪ ದಾರದ ಹೊಲಿಗೆ, ಅಂಟು ಅತಿ ಕಡಿಮೆ. ಈ ಮೂರನ್ನೂ ಬಿಚ್ಚಬಹುದು, ಸರಿಪಡಿಸಬಹುದು, ಮತ್ತೆ ಕಟ್ಟಬಹುದು. ಈ ಗುಣವನ್ನು ನೆನಪಿನಲ್ಲಿಡಿ, ಮುಂದೆ ಇದಕ್ಕೆ ಬರುತ್ತೇನೆ.

ಬೆಳಗಾವಿಗೆ ಹಳೆಯ ಪುಸ್ತಕಗಳ ವಿಷಯದಲ್ಲಿ ಒಂದು ವಿಶೇಷ ಋಣವೂ ಇದೆ, ಹೆಮ್ಮೆಯೂ ಇದೆ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿಯ ಕಟ್ಟುಗಳನ್ನು ಕೂಡಿಹಾಕಿ, ವಚನಗಳನ್ನು ಸಂಪಾದಿಸಿದರು. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಓಲೆಯಿಂದ ಅಚ್ಚಿಗೆ ಬಂದ ಆ ಪುಸ್ತಕಕ್ಕೇ ಈಗ ನೂರು ವರ್ಷ ದಾಟಿದೆ. ಇದೇ ಊರಿನಲ್ಲಿ 1929, 1939, 1980, 2003ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದವು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನವೂ ಇಲ್ಲಿಯೇ. ಇಂಥ ಸಂದರ್ಭಗಳ ಕರಪತ್ರ, ವರದಿ, ಸಂಚಿಕೆ, ಪತ್ರಗಳು ಎಷ್ಟೋ ಮನೆಗಳ ಟ್ರಂಕುಗಳಲ್ಲಿರುತ್ತವೆ. ವಿಚಿತ್ರವೆಂದರೆ ಐನೂರು ವರ್ಷದ ಓಲೆಗಿಂತ ಎಪ್ಪತ್ತು ವರ್ಷದ ಅಚ್ಚುಪುಸ್ತಕದ ಸ್ಥಿತಿ ಎಷ್ಟೋ ಸಲ ಕೆಟ್ಟದಾಗಿರುತ್ತದೆ.

ಕಾರಣ ಕಾಗದದ ಹೊಟ್ಟೆಯಲ್ಲಿಯೇ ಇದೆ. ಹಿಂದೆ ಹತ್ತಿಬಟ್ಟೆಯ ಚಿಂದಿಯಿಂದ ಕೈಯಲ್ಲಿ ಮಾಡುತ್ತಿದ್ದ ಕಾಗದದ ನಾರು ಉದ್ದ, ಬಲ ಹೆಚ್ಚು. ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರಗಳು ಬಂದವು, ಮರದ ತಿರುಳು ಬಂತು. ಶಾಯಿ ಹರಡದಿರಲೆಂದು ರಾಳ ಮತ್ತು ಪಟಿಕ ಬೆರೆಸುವ ಪದ್ಧತಿ ಬಂತು. ಪಟಿಕದಿಂದ ಕಾಗದದೊಳಗೆ ಆಮ್ಲ ಹುಟ್ಟುತ್ತದೆ. ಆಮ್ಲ ನಾರನ್ನು ತುಂಡರಿಸುತ್ತ ಹೋಗುತ್ತದೆ. ಹಾಳೆ ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಮುಟ್ಟಿದರೆ ಪುಡಿ. ಇದರ ಮೇಲೆ ನಮ್ಮ ಹವೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಲಿನ ಮಳೆ ನಿಮಗೆ ಗೊತ್ತೇ ಇದೆ. ಖಾನಾಪುರದ ಕಾಡಂಚಿನ ಊರುಗಳಲ್ಲಿ ಮಳೆಗಾಲವಿಡೀ ಗೋಡೆಗಳೂ ಬೆವರುತ್ತವೆ. ತೇವಕ್ಕೆ ಬೂಸರು, ಬೂಸರಿಗೆ ಹುಳು, ನೆಲದಿಂದ ಒರಲೆ. ಬೆಳಗಾವಿ ಪೇಟೆಯಲ್ಲಿ ಬಾಳುವ ಪುಸ್ತಕ ಖಾನಾಪುರದ ಅಟ್ಟದ ಮೇಲೆ ಬಾಳುತ್ತದೆಂದು ಹೇಳಲಾಗದು.

ಇಂಥ ಪುಸ್ತಕ ಬೈಂಡರನ ಕೈಗೆ ಬಂದಾಗ ಅವನ ವಾಡಿಕೆಯ ಜಾಣ್ಮೆಯೇ ಕೆಲವೊಮ್ಮೆ ಅಪಾಯ. ಬೈಂಡರನ ಗುರಿ ಗಟ್ಟಿ, ನೀಟು, ಹೊಸತರಂತೆ ಕಾಣುವ ಪುಸ್ತಕ. ಆದ್ದರಿಂದ ಮೂರು ಬದಿ ಕಟಿಂಗ್ ಮಷೀನಿಗೆ ಕೊಡುತ್ತಾನೆ. ಅಂಚಿನಲ್ಲಿ ಯಾರೋ ಓದುಗರು ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿ, ಗ್ರಂಥಾಲಯದ ಹಳೆಯ ಮುದ್ರೆ ಕಸದ ಬುಟ್ಟಿಗೆ ಹೋಗುತ್ತವೆ. ಅಚ್ಚಿನ ಮನೆಯ ಹೆಸರು, ಬೆಲೆ ಇದ್ದ ಹಳೆಯ ರಕ್ಷಾಪುಟವನ್ನು ಕಿತ್ತು ರೆಕ್ಸಿನ್ ಹಾಕುತ್ತಾನೆ. ಬೆನ್ನಿಗೆ ಫೆವಿಕಾಲ್ ತುಂಬುತ್ತಾನೆ. ಅದು ಒಣಗಿದ ಮೇಲೆ ಮುಂದಿನವರು ಬಿಚ್ಚಲು ಹೋದರೆ ಕಾಗದವೇ ಕಿತ್ತುಬರುತ್ತದೆ. ಅವನ ಮೇಲೆ ತಪ್ಪು ಹೊರಿಸುವಂತಿಲ್ಲ. ಗಿರಾಕಿ ಕೇಳಿದ್ದೂ, ಟೆಂಡರಿನಲ್ಲಿ ಬರೆದದ್ದೂ ಅದೇ.

ಸಂರಕ್ಷಕನ ನಿಯಮಗಳು ಬೇರೆ. ಒಂದು, ಬೇಕಾದಷ್ಟೇ ಮುಟ್ಟು. ಎರಡು, ಮಾಡಿದ್ದನ್ನು ನಾಳೆ ಬಿಚ್ಚುವಂತಿರಲಿ. ಮೂರು, ಏನು ಮಾಡಿದೆ ಎಂಬುದನ್ನು ಬರೆದಿಡು. ಮೊದಲು ಫೋಟೊ, ಪುಟಗಳ ಲೆಕ್ಕ, ಹಳೆಯ ಹೊಲಿಗೆಯ ನಕ್ಷೆ. ಆಮೇಲೆ ಮೃದುವಾದ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ಧೂಳು ತೆಗೆಯುವುದು. ಶಾಯಿ ನೀರಿಗೆ ಕರಗುತ್ತದೆಯೇ ಎಂದು ಮೂಲೆಯಲ್ಲಿ ಪರೀಕ್ಷೆ. ಹರಿದ ಕಡೆ ಜಪಾನಿನ ತೆಳು ಕಾಗದದ ಪಟ್ಟಿ. ಪೇಪರ್ ಮಲ್ಬರಿ ಗಿಡದ ಉದ್ದನೆಯ ನಾರಿನಿಂದ ಮಾಡಿದ್ದರಿಂದ ಅದು ಅತಿ ತೆಳುವಾದರೂ ಗಟ್ಟಿ. ಅದನ್ನು ಅಂಟಿಸುವುದು ಗೋಧಿಯ ಪಿಷ್ಟದಿಂದ. ಮೈದಾದಲ್ಲಿರುವ ಜಿಗುಟು ಅಂಶ ಹುಳುವನ್ನು ಕರೆಯುತ್ತದೆ, ಕಾಗದವನ್ನು ಬಿರುಸಾಗಿಸುತ್ತದೆ; ಪಿಷ್ಟದಲ್ಲಿ ಅದಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಪಿಷ್ಟ ಹೊಸದಲ್ಲ. ಕುರಡಿಗಿ ಮಾಡಲು ಗೋಧಿ ನೆನೆಹಾಕಿ, ರುಬ್ಬಿ, ಹಿಂಡಿ ತೆಗೆಯುವ ಹಾಲಿನ ತಳದಲ್ಲಿ ಕೂಡುವುದು ಅದೇ. ಅದನ್ನು ಬೇಯಿಸಿ, ಜರಡಿಯಲ್ಲಿ ತಿಕ್ಕಿ, ನೀರು ಬೆರೆಸಿ ತೆಳುವಾಗಿಸಬೇಕು. ಒದ್ದೆ ಮಾಡಿದರೆ ಬಿಡುತ್ತದೆ, ಬೇರೆ ಹಾನಿಯಿಲ್ಲ.

ಓಲೆಗರಿಗೆ ಬೇರೆಯೇ ಉಪಚಾರ. ಕುಂಚದಿಂದ ಧೂಳು ತೆಗೆದು, ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಹಗುರಾಗಿ ಸವರಿದರೆ ಗರಿ ಮೆದುವಾಗುತ್ತದೆ, ಹುಳುವೂ ದೂರವಿರುತ್ತದೆ. ಕಂಟದಿಂದ ಕೊರೆದ ಅಕ್ಷರಕ್ಕೆ ಮಸಿ ತುಂಬಿದರೆ ಮತ್ತೆ ಓದಲು ಬರುತ್ತದೆ. ಆದರೆ ಗರಿಯ ಮೇಲ್ಮೈಗೆ ಮಸಿಯಿಂದ ಬರೆದ ಪ್ರತಿಗಳೂ ಇವೆ. ಅವುಗಳ ಮೇಲೆ ಎಣ್ಣೆಯ ಅರಿವೆ ಆಡಿಸಿದರೆ ಬರಹ ಅಳಿಸಿಹೋಗಬಹುದು. ಯಾವುದು ಯಾವುದೆಂದು ತಿಳಿದವರು ಮಾತ್ರ ಮುಟ್ಟಬೇಕು.

ಕಾಲಕ್ಕೆ ತಕ್ಕಂತೆ ವಿದ್ಯೆಯೂ ತಿದ್ದಿಕೊಂಡಿದೆ. ನಮ್ಮ ರಾಷ್ಟ್ರೀಯ ಅಭಿಲೇಖಾಲಯ ಹಿಂದೆ ಕೈಯಿಂದಲೇ ಲ್ಯಾಮಿನೇಶನ್ ಮಾಡುವ ವಿಧಾನವೊಂದನ್ನು ರೂಪಿಸಿತು. ಸೆಲ್ಯುಲೋಸ್ ಅಸಿಟೇಟ್ ಹಾಳೆ, ತೆಳು ಕಾಗದ, ಅಸಿಟೋನ್ ಇಷ್ಟಿದ್ದರೆ ಸಾಕು, ದುಬಾರಿ ಯಂತ್ರ ಬೇಡ. ಅಲ್ಲಿಯ ವೈ. ಪಿ. ಕಠಪಾಲಿಯಾ ಬರೆದ ಸಂರಕ್ಷಣೆಯ ಕೈಪಿಡಿಯನ್ನು 1973ರಲ್ಲಿ ಯುನೆಸ್ಕೊ ಪ್ರಕಟಿಸಿತು. ಆ ಕಾಲಕ್ಕೆ ಆ ವಿಧಾನ ಅಸಂಖ್ಯ ದಾಖಲೆಗಳನ್ನು ಕಾಪಾಡಿತು. ಪ್ಲಾಸ್ಟಿಕ್ ಪದರವನ್ನು ಬಿಡಿಸುವುದು ಕಷ್ಟ ಎಂದು ಅರಿವಾದ ಮೇಲೆ ಸಂರಕ್ಷಕರು ಪಿಷ್ಟ ಮತ್ತು ನಾರಿನ ಕಾಗದದ ಕಡೆಗೆ ಹೊರಳಿದ್ದಾರೆ. ಹಾಗಿದ್ದರೂ ಬೀದಿಬದಿಯ ಬಿಸಿ ಲ್ಯಾಮಿನೇಶನ್‌ಗೆ ಅಜ್ಜನ ಕಾಗದಪತ್ರ ಕೊಡುವುದನ್ನು ನಾವಿನ್ನೂ ಬಿಟ್ಟಿಲ್ಲ.

ಬೈಂಡರನು ಸಂರಕ್ಷಕನಾಗಬಲ್ಲನೇ? ಜಗತ್ತಿನ ಅನುಭವ ಹೌದು ಎನ್ನುತ್ತದೆ. ಇಂಗ್ಲೆಂಡಿನ ಕಾಬ್ಡನ್-ಸ್ಯಾಂಡರ್ಸನ್ ವಕೀಲಿ ಬಿಟ್ಟು ಪುಸ್ತಕ ಕಟ್ಟಲು ಕುಳಿತವರು. ಅವರ ಬಳಿ ಕಲಿತ ಡಗ್ಲಸ್ ಕಾಕರೆಲ್ 1901ರಲ್ಲಿ ಬೈಂಡಿಂಗ್ ಮತ್ತು ಪುಸ್ತಕಗಳ ಆರೈಕೆಯ ಬಗ್ಗೆ ಕೈಪಿಡಿ ಬರೆದರು. 1935ರಲ್ಲಿ ಬೈಬಲಿನ ಪ್ರಾಚೀನ ಪ್ರತಿಯಾದ ಕೋಡೆಕ್ಸ್ ಸಿನಾಯ್ಟಿಕಸ್ಸನ್ನು ಬ್ರಿಟಿಷ್ ಮ್ಯೂಸಿಯಮ್ಮಿಗಾಗಿ ಕಟ್ಟಿಕೊಟ್ಟವರೂ ಅವರೇ. ಅವರ ಜತೆ ದುಡಿದ ರಾಜರ್ ಪೊವೆಲ್ 1953ರಲ್ಲಿ ಐರ್ಲೆಂಡಿನ 'ಬುಕ್ ಆಫ್ ಕೆಲ್ಸ್' ಪ್ರತಿಯನ್ನು ನಾಲ್ಕು ಸಂಪುಟವಾಗಿ ಮರುಕಟ್ಟಿದರು. ಪೊವೆಲ್ಲರ ಒಡನಾಡಿ ಪೀಟರ್ ವಾಟರ್ಸ್. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಆರ್ನೊ ನದಿ ಉಕ್ಕಿ ರಾಷ್ಟ್ರೀಯ ಗ್ರಂಥಾಲಯದ ಲಕ್ಷಾಂತರ ಪುಸ್ತಕ ಕೆಸರುಪಾಲಾದಾಗ ಅವುಗಳ ರಕ್ಷಣೆಗೆ ಮುಂದೆ ನಿಂತವರಲ್ಲಿ ಅವರೂ ಒಬ್ಬರು. ಒಬ್ಬರ ಪಕ್ಕ ಒಬ್ಬರು ಕೂತು ಕಲಿತ ಈ ಸಾಲಿನಿಂದಲೇ ಇಂದಿನ ಪುಸ್ತಕ ಸಂರಕ್ಷಣೆ ಬೆಳೆದು ಬಂತು.

ಫ್ಲಾರೆನ್ಸಿನ ಕೆಸರಿನಲ್ಲಿ ಸಂರಕ್ಷಕರು ಒಂದು ಸಂಗತಿ ಕಂಡರು. ಅಲಂಕಾರದ, ಅಂಟು ತುಂಬಿದ ಎಷ್ಟೋ ಕಟ್ಟುಗಳು ಹಾಳಾಗಿದ್ದವು. ಮೆತ್ತನೆಯ ತೊಗಲಿನ ಹೊದಿಕೆಯ, ಬರಿಯ ಹೊಲಿಗೆಯ ಮೇಲೆ ನಿಂತ ಸರಳ ಕಟ್ಟುಗಳು ಚೆನ್ನಾಗಿ ತಾಳಿಕೊಂಡಿದ್ದವು. ಕ್ರಿಸ್ಟೋಫರ್ ಕ್ಲಾರ್ಕ್‌ಸನ್ ಇದನ್ನು ಅಭ್ಯಾಸ ಮಾಡಿ ಸಂರಕ್ಷಣೆಗೆ ಮಾದರಿಯಾದ ಕಟ್ಟೆಂದು ತೋರಿಸಿದರು. ನಮ್ಮ ಕಿರ್ದಿಯ ಕಟ್ಟನ್ನು ನೆನೆಯಿರಿ ಎಂದೆನಲ್ಲ, ಅದರ ತತ್ವವೂ ಇದೇ. ಪೇಟೆಯ ಬೈಂಡರ್ ಹಳೆಯದೆಂದು ಬಿಟ್ಟ ಕೆಲಸದಲ್ಲಿ ಸಂರಕ್ಷಣೆಗೆ ಬೇಕಾದ ವಿದ್ಯೆ ಇದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನೆರೆ ನಮಗೂ ದೂರದ ಮಾತಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ಬೆಳಗಾವಿ ಜಿಲ್ಲೆ ನಲುಗಿತು. ಅಂಥ ಸಮಯದಲ್ಲಿ ಮನೆಯಲ್ಲೇ ಮಾಡಬಹುದಾದದ್ದನ್ನು ಹೇಳುತ್ತೇನೆ, ದಯವಿಟ್ಟು ಗಮನವಿಟ್ಟು ಕೇಳಿ. ನೆನೆದ ಪುಸ್ತಕವನ್ನು ಬಲವಂತದಿಂದ ತೆರೆಯಬೇಡಿ, ಹಿಂಡಬೇಡಿ. ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ. ಸ್ವಲ್ಪ ಒದ್ದೆಯಾಗಿದ್ದರೆ ನೆಟ್ಟಗೆ ನಿಲ್ಲಿಸಿ, ಎಲೆಗಳನ್ನು ಸಡಿಲಿಸಿ ಫ್ಯಾನಿನ ಗಾಳಿ ಆಡಲು ಬಿಡಿ. ಪೂರ್ತಿ ನೆನೆದಿದ್ದರೆ ಮಲಗಿಸಿ, ಅಲ್ಲಲ್ಲಿ ಅಚ್ಚಿಲ್ಲದ ಬಿಳಿ ಹಾಳೆ ಇಟ್ಟು, ಅವು ತೇವ ಹೀರಿದಂತೆ ಬದಲಾಯಿಸಿ. ಎರಡು ದಿನ ಕಳೆಯುವಷ್ಟರಲ್ಲಿ ಬೂಸರು ಏಳುತ್ತದೆ. ಅಷ್ಟರೊಳಗೆ ಒಣಗಿಸಲು ಆಗದಷ್ಟು ಪುಸ್ತಕಗಳಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರೀಜರಿನಲ್ಲಿಡಿ. ಹೆಪ್ಪುಗಟ್ಟಿದ ಪುಸ್ತಕಕ್ಕೆ ಬೂಸರು ಬೆಳೆಯದು, ಒಂದೊಂದಾಗಿ ತೆಗೆದು ಆರೈಕೆ ಮಾಡಬಹುದು.

ಪೀಟರ್ ವಾಟರ್ಸ್ 1971ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಹೋದ ಮೇಲೆ ಅಲ್ಲಿ ಬೆಳೆದ ಒಂದು ಉಪಾಯ ನಮಗೆ ಬಹಳ ಒಗ್ಗುತ್ತದೆ. ಎಲ್ಲ ಪುಸ್ತಕವನ್ನೂ ಈಗಲೇ ರಿಪೇರಿ ಮಾಡಲಾಗದು. ಅದಕ್ಕೇ ಪ್ರತಿ ಪುಸ್ತಕದ ಅಳತೆಗೆ ಆಮ್ಲವಿಲ್ಲದ ರಟ್ಟಿನ ಪೆಟ್ಟಿಗೆ ಮಾಡಿ ಅದರಲ್ಲಿಡುವುದು. ಧೂಳು, ಬೆಳಕು, ಎಳೆದಾಟ ಎಲ್ಲಕ್ಕೂ ತಡೆ. ಮಠಗಳಲ್ಲಿ ಓಲೆಗಳನ್ನು ಬಟ್ಟೆಯಲ್ಲಿ ಸುತ್ತಿಡುವ ಉದ್ದೇಶವೂ ಇದೇ. ರಟ್ಟು ಅಳೆದು ಕತ್ತರಿಸಬಲ್ಲ ಬೈಂಡರ್ ಯಾರಾದರೂ ಈ ಪೆಟ್ಟಿಗೆಯನ್ನು ಬೇಗ ಕಲಿಯಬಲ್ಲರು. ಸಂರಕ್ಷಣೆಗೆ ಕಾಲಿಡಲು ಇದಕ್ಕಿಂತ ಸುಲಭದ ಬಾಗಿಲಿಲ್ಲ.

ಕಲಿಯಬಯಸುವ ತರುಣರಿಗೆ ದಾರಿ ಹೀಗಿದೆ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಬುಕ್ ಬೈಂಡರ್ ಕೂಡ ಮಾನ್ಯವಾದ ಕಸುಬು. ಹೊಲಿಗೆ ಗೊತ್ತಿರುವ ಅಂಗಡಿಯಲ್ಲೋ ಮುದ್ರಣಾಲಯದಲ್ಲೋ ಮೊದಲು ಕೈ ಪಳಗಲಿ. ಆಮೇಲೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದ ಶಾಲೆ ನಡೆಸುವ ಅಲ್ಪಾವಧಿ ಕೋರ್ಸುಗಳಿವೆ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ನಿನ ಕೆಲಸವನ್ನು ಮುಂದುವರಿಸಲು 2025ರ ಕೇಂದ್ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಮಿಷನ್ ಘೋಷಣೆಯಾಗಿದೆ. ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ ಮತ್ತು ಸಂರಕ್ಷಣೆ ಅದರ ಗುರಿ. ಇಷ್ಟು ದೊಡ್ಡ ಕೆಲಸಕ್ಕೆ ರಸಾಯನಶಾಸ್ತ್ರ ಓದಿದವರು ಬೇಕು, ಜತೆಗೆ ಸೂಜಿ ಹಿಡಿಯಬಲ್ಲವರು ಅದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಬೇಕು. ಕೈ ಪಳಗಿದವನಿಗೆ ವಿಜ್ಞಾನದ ನಿಯಮ ಹೇಳಿಕೊಡಲು ಕೆಲವು ತಿಂಗಳು ಸಾಕು. ಕೈ ಪಳಗಲು ವರ್ಷಗಳೇ ಬೇಕು.

ಕೊನೆಯದಾಗಿ, ಪುಸ್ತಕ ಇಟ್ಟುಕೊಂಡವರಲ್ಲಿ ಒಂದು ಬಿನ್ನಹ. ವಾಚನಾಲಯ, ಕಾಲೇಜು, ಮಠಗಳ ಆಡಳಿತದವರು ಬೈಂಡಿಂಗ್ ಕೆಲಸ ಕೊಡುವಾಗ ಪುಸ್ತಕಕ್ಕೆ ಇಷ್ಟು ದರ ಎಂದು ಮಾತ್ರ ಬರೆಯಬೇಡಿ. ಐವತ್ತು ವರ್ಷಕ್ಕಿಂತ ಹಳೆಯ ಪುಸ್ತಕಗಳನ್ನು ಬೇರೆ ತೆಗೆದಿಡಿ. ಅಂಚು ಕತ್ತರಿಸಬಾರದು, ಹಳೆಯ ರಕ್ಷಾಪುಟ ಒಳಗೆ ಉಳಿಯಬೇಕು, ಫೆವಿಕಾಲ್ ಕೂಡದು, ಫಾರಂ ಹೊಲಿಗೆಯೇ ಆಗಬೇಕು ಎಂದು ಷರತ್ತು ಹಾಕಿ. ಆ ಶ್ರಮಕ್ಕೆ ತಕ್ಕ ಕೂಲಿ ಕೊಡಿ. ಮನೆಯವರು ಸೆಲೋಟೇಪ್ ಹಚ್ಚಬೇಡಿ, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ, ಮಳೆಗಾಲ ಮುಗಿದ ಮೇಲೆ ಪುಸ್ತಕಗಳನ್ನು ನೆರಳಿನಲ್ಲಿ ಗಾಳಿಗೆ ಹಾಕಿ. ಬೆಳಗಾವಿ, ಖಾನಾಪುರಗಳಲ್ಲಿ ಹೊಲಿಗೆ ಬಲ್ಲ ಹಿರಿಯ ಬೈಂಡರುಗಳು ಇನ್ನೂ ಇರುವಾಗಲೇ ಅವರ ಪಕ್ಕ ಒಬ್ಬೊಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿ. ಕಲಿಯುವ ಕಾಲದಲ್ಲಿ ಅವರಿಗೆ ಸಂಬಳ ಸಿಗುವಂತೆ ನಮ್ಮ ಸಂಘಸಂಸ್ಥೆಗಳು ನೋಡಿಕೊಂಡರೆ ಈ ವಿದ್ಯೆ ಉಳಿಯುತ್ತದೆ, ಪುಸ್ತಕವೂ ಉಳಿಯುತ್ತದೆ.